ಗ್ರಹಾಂ ಬೆಲ್‌ಗೆ ಹಲೋ ಎಂಬ ಗೆಳತಿ ಇರಲಿಲ್ಲ. ಆದರೆ ನಿಮ್ಮ ಮನೆಯ ಲ್ಯಾನ್ ಕೇಬಲ್‌ನಲ್ಲಿ ಅವರಿದ್ದಾರೆ

ವಾಟ್ಸಾಪ್‌ನಲ್ಲಿ ಆಗಾಗ ಸುತ್ತಿ ಬರುವ ಫಾರ್ವರ್ಡ್ ಒಂದಿದೆ. ಟೆಲಿಫೋನ್ ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ಗೆಳತಿಯ ಹೆಸರು ಮಾರ್ಗರೆಟ್ ಹಲೋ ಅಂತೆ. ಮೊದಲ ಕರೆಯಲ್ಲಿ ಅವರು ಆಕೆಯ ಹೆಸರನ್ನೇ ಕರೆದರಂತೆ. ಅಂದಿನಿಂದ ನಾವೆಲ್ಲ ಫೋನ್ ಎತ್ತಿದ ಕೂಡಲೇ ಹಲೋ ಅನ್ನುತ್ತೇವಂತೆ. ಕೊನೆಗೊಂದು ಹೃದಯದ ಚಿಹ್ನೆ, ಹತ್ತು ಜನರಿಗೆ ಕಳುಹಿಸಿ ಎಂಬ ಕೋರಿಕೆ.

ಇದು ಕಟ್ಟುಕಥೆ. ಹಲೋ ಎಂಬ ಪದ ಬೆಲ್ ಹುಟ್ಟುವ ಮೊದಲೇ ಇಂಗ್ಲಿಷಿನಲ್ಲಿ ಇತ್ತು. ಫೋನಿನಲ್ಲಿ ಅದನ್ನು ಬಳಸೋಣ ಎಂದು 1877ರಲ್ಲಿ ಸೂಚಿಸಿದವರು ಥಾಮಸ್ ಆಲ್ವಾ ಎಡಿಸನ್. ಬೆಲ್ ಅವರಿಗೆ ಇಷ್ಟವಾಗಿದ್ದದ್ದು ಹಡಗಿನವರು ಒಬ್ಬರನ್ನೊಬ್ಬರು ಕೂಗುವ ಅಹೋಯ್ ಎಂಬ ಪದ. ಅವರು ಪ್ರೀತಿಸಿ ಮದುವೆಯಾದ ಹುಡುಗಿಯ ಹೆಸರು ಮೇಬಲ್ ಹಬ್ಬರ್ಡ್. ಐದನೇ ವಯಸ್ಸಿಗೇ ಕಿವಿ ಕೇಳಿಸದಂತಾಗಿದ್ದ ಆಕೆಗೆ ಫೋನಿನಲ್ಲಿ ಗಂಡನ ದನಿ ಕೇಳುವುದು ಸಾಧ್ಯವೇ ಇರಲಿಲ್ಲ.

ಈ ನಿಜ ಕಥೆ ಕಟ್ಟುಕಥೆಗಿಂತ ಹೆಚ್ಚು ಮನ ಕಲಕುತ್ತದೆ. ಅಷ್ಟೇ ಅಲ್ಲ, ಹೊರಮಾವಿನಲ್ಲೋ ಕಲ್ಕೆರೆಯಲ್ಲೋ ಮನೆ ಕಟ್ಟಿಸುತ್ತಾ, ಗೋಡೆಯೊಳಗೆ ಯಾವ ಇಂಟರ್ನೆಟ್ ವೈರ್ ಹಾಕಿಸಬೇಕು ಎಂದು ತಲೆ ಕೆಡಿಸಿಕೊಂಡಿರುವವರಿಗೆ ಇದರಲ್ಲಿ ನೇರ ಉತ್ತರವೂ ಇದೆ. ಹೇಗೆ ಎಂದು ನೋಡೋಣ.

ಕಿವಿ ಕೇಳದ ತಾಯಿಯ ಮಗ

ಬೆಲ್ ಹುಟ್ಟಿದ್ದು 1847ರ ಮಾರ್ಚ್ 3ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ತಂದೆ ಅಲೆಕ್ಸಾಂಡರ್ ಮೆಲ್ವಿಲ್ ಬೆಲ್ ಉಚ್ಚಾರಣೆ ಕಲಿಸುವ ಮೇಷ್ಟರು. ಮಾತಿನ ಪ್ರತಿಯೊಂದು ಧ್ವನಿಗೂ ನಾಲಿಗೆ, ತುಟಿ, ಗಂಟಲು ಎಲ್ಲಿರಬೇಕು ಎಂದು ತೋರಿಸುವ ಒಂದು ಲಿಪಿಯನ್ನೇ ಅವರು ರೂಪಿಸಿದ್ದರು. ತಾಯಿ ಎಲಿಜಾಗೆ ಕಿವಿ ಬಹುಮಟ್ಟಿಗೆ ಕೇಳಿಸುತ್ತಿರಲಿಲ್ಲ. ಆದರೂ ಆಕೆ ಪಿಯಾನೋ ನುಡಿಸುತ್ತಿದ್ದರು. ಉಳಿದವರು ಆಕೆಯ ಕಿವಿಯ ಕೊಳವೆಗೆ ಬಾಯಿಟ್ಟು ಕೂಗಿದರೆ, ಮಗ ಆಕೆಯ ಹಣೆಯ ಹತ್ತಿರ ತುಟಿ ತಂದು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದ. ಧ್ವನಿ ಎಂದರೆ ಕಂಪನ, ಅದು ಕಿವಿಯಿಂದಲೇ ಒಳಗೆ ಹೋಗಬೇಕೆಂದಿಲ್ಲ ಎಂಬುದು ಆ ಹುಡುಗನಿಗೆ ಮನೆಯಲ್ಲೇ ಸಿಕ್ಕ ಪಾಠ.

ಆ ಮನೆಯನ್ನು ಕ್ಷಯ ಹೊಕ್ಕಿತು. 1867ರಲ್ಲಿ ತಮ್ಮ ಎಡ್ವರ್ಡ್, 1870ರಲ್ಲಿ ಅಣ್ಣ ಮೆಲ್ವಿಲ್ ತೀರಿಕೊಂಡರು. ಉಳಿದ ಒಬ್ಬನೇ ಮಗನನ್ನಾದರೂ ಉಳಿಸಿಕೊಳ್ಳೋಣ ಎಂದು ತಂದೆತಾಯಿ ಊರು ಬಿಟ್ಟು ಕೆನಡಾದ ಬ್ರಾಂಟ್‌ಫರ್ಡ್‌ಗೆ ಹೊರಟರು. ಮಗ ಚೇತರಿಸಿಕೊಂಡು 1871ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಕಿವುಡ ಮಕ್ಕಳ ಮೇಷ್ಟರಾದ. ಅಲ್ಲಿ ಅವರ ಶಿಷ್ಯೆಯಾಗಿ ಬಂದವರೇ ಮೇಬಲ್.

ಹಗಲು ಪಾಠ, ರಾತ್ರಿ ಪ್ರಯೋಗ. ಒಂದೇ ತಂತಿಯಲ್ಲಿ ಹಲವು ತಂತಿ ಸಂದೇಶಗಳನ್ನು ಕಳುಹಿಸುವ ದಾರಿ ಹುಡುಕುತ್ತಿದ್ದ ಬೆಲ್, ತಂತಿಯಲ್ಲಿ ಮಾತನ್ನೇ ಕಳುಹಿಸಬಹುದು ಎಂಬ ಯೋಚನೆಗೆ ಬಂದರು. ಕೈಕೆಲಸದಲ್ಲಿ ನಿಪುಣನಾದ ಥಾಮಸ್ ವಾಟ್ಸನ್ ಜೊತೆಯಾದ. 1876ರ ಫೆಬ್ರವರಿ 14ರಂದು ಪೇಟೆಂಟ್ ಅರ್ಜಿ ಸಲ್ಲಿಕೆಯಾಯಿತು. ಅದೇ ದಿನ ಎಲಿಷಾ ಗ್ರೇ ಎಂಬ ಇನ್ನೊಬ್ಬ ಸಂಶೋಧಕರೂ ತಮ್ಮ ವಿನ್ಯಾಸದ ಕಾಗದ ಕೊಟ್ಟಿದ್ದರು. ಮಾರ್ಚ್ 7ರಂದು ಬೆಲ್‌ಗೆ ಪೇಟೆಂಟ್ ಸಿಕ್ಕಿತು. ಮಾರ್ಚ್ 10ರಂದು ವಾಟ್ಸನ್‌ಗೆ ಪಕ್ಕದ ಕೋಣೆಯಿಂದ ತಂತಿಯ ಮೂಲಕ ಬೆಲ್ ಕರೆದದ್ದು ಸ್ಪಷ್ಟವಾಗಿ ಕೇಳಿಸಿತು. ಮೊದಲ ಕರೆ ಹೋದದ್ದು ಸಹಾಯಕನಿಗೆ, ಗೆಳತಿಗಲ್ಲ.

ಟೆಲಿಫೋನ್ ನಿಜಕ್ಕೂ ಯಾರದು ಎಂಬ ಜಗಳ ಇನ್ನೂ ಪೂರ್ತಿ ತಣ್ಣಗಾಗಿಲ್ಲ. ಬೆಲ್ ಕಂಪನಿ ಸುಮಾರು 600 ಮೊಕದ್ದಮೆ ಎದುರಿಸಿತು, 1888ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಬೆಲ್ ಪರ ನಿಂತಿತು. ಇಟಲಿಯ ಆಂಟೋನಿಯೊ ಮೆಯುಚ್ಚಿ ಅದಕ್ಕೂ ಮೊದಲೇ ಇಂಥ ಸಾಧನದ ಮೇಲೆ ದುಡಿದಿದ್ದರು. 2002ರಲ್ಲಿ ಅಮೆರಿಕದ ಜನಪ್ರತಿನಿಧಿ ಸಭೆ ಅವರ ಕೆಲಸವನ್ನು ಗೌರವಿಸುವ ನಿರ್ಣಯ ಮಾಡಿತು. ಆದ್ದರಿಂದ ಬೆಲ್ ಒಬ್ಬರೇ ಶೂನ್ಯದಿಂದ ಫೋನ್ ತೆಗೆದರು ಎಂಬುದೂ ಪೂರ್ತಿ ಸರಿಯಲ್ಲ, ಕದ್ದರು ಎಂಬ ಫಾರ್ವರ್ಡಿಗೂ ನ್ಯಾಯಾಲಯದಲ್ಲಿ ಜಯ ಸಿಕ್ಕಿಲ್ಲ.

1877ರ ಜುಲೈ 11ರಂದು ಬೆಲ್ ಮತ್ತು ಮೇಬಲ್ ಮದುವೆಯಾದರು. ಕಂಪನಿಯಲ್ಲಿ ತಮ್ಮ ಪಾಲಿಗಿದ್ದ 1,497 ಷೇರುಗಳಲ್ಲಿ ಹತ್ತನ್ನು ಮಾತ್ರ ಇಟ್ಟುಕೊಂಡು ಉಳಿದ 1,487ನ್ನೂ ಬೆಲ್ ಹೆಂಡತಿಗೆ ಉಡುಗೊರೆಯಾಗಿ ಕೊಟ್ಟರು.

ತಂತಿ ಹೊಸೆದ ಮನುಷ್ಯ

ಈಗ ನಮ್ಮ ಲ್ಯಾನ್ ಕೇಬಲ್‌ಗೆ ಬರೋಣ. ಮೊದಮೊದಲು ಟೆಲಿಫೋನ್‌ಗೆ ಒಂದೇ ತಂತಿ ಎಳೆಯುತ್ತಿದ್ದರು. ವಿದ್ಯುತ್ ವಾಪಸು ಬರಲು ನೆಲವೇ ದಾರಿ. ಖರ್ಚು ಕಡಿಮೆ, ಆದರೆ ಕಾಟ ಹೆಚ್ಚು. ಪಕ್ಕದಲ್ಲಿ ಹೋಗುವ ಟೆಲಿಗ್ರಾಫ್ ತಂತಿಯ ಟಕಟಕ, ಬೇರೆ ಮನೆಯವರ ಮಾತು, ಗುಡುಗು ಮಿಂಚಿನ ಕರಕರ ಎಲ್ಲವೂ ಕಿವಿಗೆ ಬೀಳುತ್ತಿತ್ತು. ಒಂದು ತಂತಿಯಲ್ಲಿ ಬದಲಾಗುತ್ತಿರುವ ವಿದ್ಯುತ್ ಪಕ್ಕದ ತಂತಿಯಲ್ಲೂ ವಿದ್ಯುತ್ತನ್ನು ಪ್ರೇರಿಸುತ್ತದೆ ಎಂಬುದು ಮೈಕೆಲ್ ಫ್ಯಾರಡೆ ಕಾಲದಿಂದ ಗೊತ್ತಿದ್ದ ಸಂಗತಿ. ಆ ಸಂಗತಿಯೇ ಇಲ್ಲಿ ತೊಂದರೆಯಾಗಿತ್ತು.

1881ರ ಜುಲೈನಲ್ಲಿ ಬೆಲ್ ಅವರಿಗೆ ಸಿಕ್ಕ ಪೇಟೆಂಟ್ ಒಂದರಲ್ಲಿ ಇದಕ್ಕೆ ಬಹಳ ಸರಳ ಮದ್ದು ಇದೆ. ಒಂದು ತಂತಿಯ ಬದಲು ಎರಡು ಹಾಕಿ, ದೀಪದ ಬತ್ತಿ ಹೊಸೆದ ಹಾಗೆ ಅವೆರಡನ್ನೂ ಒಂದಕ್ಕೊಂದು ಹೊಸೆಯಿರಿ. ಫೋನ್ ನೋಡುವುದು ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನು ಮಾತ್ರ. ಹೊರಗಿನ ಗಲಾಟೆ ಎರಡಕ್ಕೂ ಸಮನಾಗಿ ತಗುಲಿದರೆ ವ್ಯತ್ಯಾಸ ಸೊನ್ನೆ, ಗಲಾಟೆ ಮಾಯ. ತಂತಿಗಳು ಸುಮ್ಮನೆ ಅಕ್ಕಪಕ್ಕ ಇದ್ದರೆ ಒಂದು ಗಲಾಟೆಗೆ ಹತ್ತಿರ, ಇನ್ನೊಂದು ದೂರ ಆಗುತ್ತದೆ. ಹೊಸೆದರೆ ಪ್ರತಿ ತಿರುವಿಗೂ ಜಾಗ ಅದಲುಬದಲಾಗಿ ಎರಡಕ್ಕೂ ಸಮಪಾಲು ಬೀಳುತ್ತದೆ.

ನಿಮ್ಮ ರೌಟರಿಗೆ ಸಿಕ್ಕಿಸಿದ ಲ್ಯಾನ್ ಕೇಬಲ್‌ನ ಹೊದಿಕೆ ಸೀಳಿ ನೋಡಿದರೆ ಇದೇ ಕಾಣುತ್ತದೆ. ಎಂಟು ತಂತಿ, ನಾಲ್ಕು ಹೊಸೆದ ಜೋಡಿ: ಕಿತ್ತಳೆ, ಹಸಿರು, ನೀಲಿ, ಕಂದು. ನಾಲ್ಕರ ಹೊಸೆತದ ಬಿಗಿಯೂ ಬೇರೆ ಬೇರೆ, ಒಂದು ಜೋಡಿಯ ಮಾತು ಇನ್ನೊಂದಕ್ಕೆ ಸೋರದಿರಲಿ ಎಂದು.

ಬೆಳಕಿನಲ್ಲಿ ಮಾತು, ದೇಹದಲ್ಲಿ ಗುಂಡು

ಬೆಲ್ ತಮ್ಮ ಅತಿ ದೊಡ್ಡ ಸಾಧನೆ ಎಂದುಕೊಂಡಿದ್ದು ಟೆಲಿಫೋನನ್ನು ಅಲ್ಲ, ಫೋಟೋಫೋನನ್ನು. 1880ರಲ್ಲಿ ವಾಷಿಂಗ್ಟನ್ನಿನಲ್ಲಿ ಅವರ ಸಹಾಯಕ ಚಾರ್ಲ್ಸ್ ಟೇಂಟರ್ ಒಂದು ಶಾಲೆಯ ಮಾಳಿಗೆಯಿಂದ ಕಳುಹಿಸಿದ ಮಾತು, ಬಿಸಿಲಿನ ಕಿರಣದ ಮೇಲೆ ಸವಾರಿ ಮಾಡಿ ಸುಮಾರು 213 ಮೀಟರ್ ದೂರದಲ್ಲಿದ್ದ ಬೆಲ್ ಅವರನ್ನು ಮುಟ್ಟಿತು. ಮೋಡ ಅಡ್ಡ ಬಂದರೆ ಮಾತು ನಿಲ್ಲುತ್ತಿದ್ದರಿಂದ ಅದು ಮಾರುಕಟ್ಟೆಗೆ ಬರಲಿಲ್ಲ. ಇಂದು ನಮ್ಮ ಬೀದಿಯ ಕಂಬದಿಂದ ಮನೆಗೆ ಬರುವ ಫೈಬರ್ ಕೇಬಲ್ ಬೆಳಕಿನಲ್ಲೇ ಮಾತು ಸಾಗಿಸುತ್ತದೆ. ಗಾಜಿನ ಎಳೆಯೊಳಗೆ ಬೆಳಕನ್ನು ಹಿಡಿದಿಟ್ಟು ದೂರ ಕಳುಹಿಸುವ ವಿದ್ಯೆ ಕೈಗೂಡಲು ಮತ್ತೆ ಸುಮಾರು ತೊಂಬತ್ತು ವರ್ಷ ಬೇಕಾಯಿತು.

1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರ ಮೇಲೆ ಗುಂಡು ಹಾರಿತು. ಗುಂಡು ದೇಹದಲ್ಲಿ ಎಲ್ಲಿದೆಯೆಂದು ತಿಳಿಯಲಿಲ್ಲ, ಎಕ್ಸ್-ರೇ ಇನ್ನೂ ಬಂದಿರಲಿಲ್ಲ. ಬೆಲ್ ತರಾತುರಿಯಲ್ಲಿ ಲೋಹ ಪತ್ತೆ ಮಾಡುವ ಸಾಧನ ಕಟ್ಟಿ ತಂದರು. ಒಂದರ ಪ್ರಭಾವವನ್ನು ಇನ್ನೊಂದು ಅಳಿಸುವಂತೆ ಜೋಡಿಸಿದ ತಂತಿ ಸುರುಳಿಗಳು, ಲೋಹ ಹತ್ತಿರ ಬಂದರೆ ಸಮತೋಲ ತಪ್ಪಿ ಫೋನಿನಲ್ಲಿ ಸದ್ದು. ಹಾಸಿಗೆಯ ಕೆಳಗಿದ್ದ ಲೋಹದ ಸ್ಪ್ರಿಂಗ್‌ಗಳು ದಾರಿ ತಪ್ಪಿಸಿದವು. ಗುಂಡು ಬಲಕ್ಕಿದೆ ಎಂದು ನಂಬಿದ್ದ ವೈದ್ಯರು ಎಡಗಡೆ ಹುಡುಕಲು ಬಿಡಲಿಲ್ಲ. ಸೆಪ್ಟೆಂಬರ್ 19ರಂದು ಅಧ್ಯಕ್ಷರು ತೀರಿಕೊಂಡರು. ತೊಳೆಯದ ಬೆರಳು, ಉಪಕರಣಗಳಿಂದ ಗಾಯ ಕೆದಕಿದ್ದರಿಂದ ಆದ ಸೋಂಕೇ ಸಾವಿಗೆ ಕಾರಣ ಎಂಬುದು ಇಂದು ಬಹುಮಂದಿ ಇತಿಹಾಸಕಾರರ ಅಭಿಪ್ರಾಯ.

ಅದೇ ಆಗಸ್ಟಿನಲ್ಲಿ ಬೆಲ್ ದಂಪತಿಗೆ ದಿನ ತುಂಬುವ ಮೊದಲೇ ಗಂಡು ಮಗು ಹುಟ್ಟಿ, ಉಸಿರಾಡಲಾಗದೆ ಕೆಲವೇ ಗಂಟೆಗಳಲ್ಲಿ ಹೋಯಿತು. ಆ ದುಃಖದಲ್ಲಿ ಬೆಲ್, ಎದೆಯ ಸುತ್ತ ಗಾಳಿಯ ಒತ್ತಡ ಬದಲಿಸಿ ಉಸಿರಾಡಿಸುವ ಲೋಹದ ಕವಚವೊಂದನ್ನು ರಚಿಸಿದರು.

ಹೊಗಳಿಕೆಯಲ್ಲಿ ಬಿಟ್ಟುಹೋಗುವ ಪುಟ

ಬೆಲ್ ಜೀವನವೆಲ್ಲ ತಮ್ಮನ್ನು ಕಿವುಡರ ಮೇಷ್ಟರು ಎಂದೇ ಕರೆದುಕೊಂಡರು. ಪುಟ್ಟ ಹೆಲೆನ್ ಕೆಲ್ಲರ್‌ಗೆ ಸರಿಯಾದ ಶಾಲೆಯ ದಾರಿ ತೋರಿಸಿದವರು ಅವರೇ. 1903ರಲ್ಲಿ ಆಕೆ ತನ್ನ ಆತ್ಮಕಥೆಯನ್ನು ಅವರಿಗೆ ಅರ್ಪಿಸಿದರು. ಆದರೆ ಕಿವುಡರ ಸಮುದಾಯದಲ್ಲಿ ಬೆಲ್ ಹೆಸರು ಹೇಳಿದರೆ ಇಂದಿಗೂ ಮುಖ ಗಂಟಿಕ್ಕುವವರಿದ್ದಾರೆ. ಕಿವುಡರು ತುಟಿ ನೋಡಿ, ಬಾಯಿಂದಲೇ ಮಾತು ಕಲಿಯಬೇಕು, ಕೈ ಸನ್ನೆ ಬೇಡ ಎಂಬುದು ಅವರ ಹಟ. ಕಿವುಡರು ಕಿವುಡರನ್ನೇ ಮದುವೆಯಾಗುತ್ತಾ ಹೋದರೆ ಮನುಷ್ಯರಲ್ಲೇ ಒಂದು ಕಿವುಡ ತಳಿ ಹುಟ್ಟಬಹುದು ಎಂದು 1883ರಲ್ಲಿ ಅವರು ವಿಜ್ಞಾನಿಗಳ ಮುಂದೆ ಪ್ರಬಂಧ ಓದಿದರು. ಅಂಥ ಮದುವೆಗಳನ್ನು ಕಾನೂನಿನಿಂದ ತಡೆಯುವುದು ಸರಿಯಲ್ಲ ಎಂದರಾದರೂ, ಕಿವುಡ ಮಕ್ಕಳ ವಸತಿ ಶಾಲೆಗಳು, ಕಿವುಡ ಶಿಕ್ಷಕರು, ಸನ್ನೆ ಭಾಷೆ ಇವೆಲ್ಲ ಕಡಿಮೆಯಾಗಲಿ ಎಂದು ಬಯಸಿದರು. 1921ರ ಅಂತರರಾಷ್ಟ್ರೀಯ ಸುಜನನ ಸಮ್ಮೇಳನಕ್ಕೆ ಗೌರವಾಧ್ಯಕ್ಷರೂ ಆದರು. ಸನ್ನೆ ಭಾಷೆ ವ್ಯಾಕರಣವುಳ್ಳ ಪೂರ್ಣ ಭಾಷೆ ಎಂಬುದು ಇಂದು ಭಾಷಾವಿಜ್ಞಾನ ಒಪ್ಪಿದ ಸಂಗತಿ. ತಾಯಿ, ಹೆಂಡತಿ ಇಬ್ಬರೂ ಕಿವುಡರಾಗಿದ್ದ ಮನೆಯವರೂ ಇಷ್ಟು ದೊಡ್ಡ ತಪ್ಪು ಮಾಡಬಹುದು. ಒಳ್ಳೆಯ ಉದ್ದೇಶವಿದ್ದ ಮಾತ್ರಕ್ಕೆ ನಿಲುವು ಸರಿಯಾಗಿಬಿಡುವುದಿಲ್ಲ.

ಕೊನೆಯ ವರ್ಷಗಳನ್ನು ಬೆಲ್ ಕೆನಡಾದ ನೋವಾ ಸ್ಕೋಷಿಯಾದಲ್ಲಿ ಗಾಳಿಪಟ, ವಿಮಾನ, ನೀರಿನ ಮೇಲೆ ಹಾರುವಂತೆ ಓಡುವ ದೋಣಿಗಳ ಜೊತೆ ಕಳೆದರು. ಅಂಥ ಒಂದು ದೋಣಿ 1919ರಲ್ಲಿ ಗಂಟೆಗೆ ಸುಮಾರು 114 ಕಿಲೋಮೀಟರ್ ವೇಗದ ದಾಖಲೆ ಮಾಡಿತು. 1922ರ ಆಗಸ್ಟ್ 2ರಂದು, ಸಕ್ಕರೆ ಕಾಯಿಲೆಯ ತೊಡಕುಗಳಿಂದ, 75ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅಂತ್ಯಕ್ರಿಯೆಯ ಹೊತ್ತಿನಲ್ಲಿ ಅಮೆರಿಕ, ಕೆನಡಾಗಳ ಟೆಲಿಫೋನ್‌ಗಳು ಒಂದು ನಿಮಿಷ ಮೌನವಾದವು.

ಡೆಸಿಬೆಲ್‌ನಲ್ಲಿ ಉಳಿದ ಹೆಸರು

ಅದೇ ದಶಕದಲ್ಲಿ, ಟೆಲಿಫೋನ್ ಕೇಬಲ್‌ನಲ್ಲಿ ಸದ್ದು ಎಷ್ಟು ಕ್ಷೀಣಿಸುತ್ತದೆ ಎಂದು ಅಳೆಯುವ ಮಾನಕ್ಕೆ ಬೆಲ್ ಪ್ರಯೋಗಾಲಯದ ಎಂಜಿನಿಯರುಗಳು ಅವರ ಹೆಸರಿಟ್ಟರು. ಅದೇ ಡೆಸಿಬೆಲ್. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಗುವಿನ ಕಿವಿ ಪರೀಕ್ಷೆ ಮಾಡಿಸಿದರೆ ವರದಿ ಬರುವುದು ಡೆಸಿಬೆಲ್‌ನಲ್ಲೇ. ಲ್ಯಾನ್ ಕೇಬಲ್‌ನ ಗುಣಮಟ್ಟ ಹೇಳುವುದೂ ಡೆಸಿಬೆಲ್‌ನಲ್ಲೇ. ಕಿವಿ ಮತ್ತು ತಂತಿ, ಬೆಲ್ ಬದುಕಿನ ಎರಡೂ ದಾರಿಗಳು ಒಂದೇ ಅಳತೆಗೋಲಿನಲ್ಲಿ ಕೂಡಿಕೊಂಡಿವೆ.

ನಮ್ಮ ದೇಶದಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್‌ಗಳು ತೆರೆದದ್ದು 1882ರಲ್ಲಿ. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ಐಟಿಐ ಕಾರ್ಖಾನೆ ಶುರುವಾಯಿತು. ಅದರಿಂದಲೇ ಆ ಜಾಗಕ್ಕೆ ದೂರವಾಣಿನಗರ ಎಂಬ ಹೆಸರು. ಹೊರಮಾವಿನಿಂದ ಟಿನ್ ಫ್ಯಾಕ್ಟರಿ ದಾಟಿ ಕೆ.ಆರ್. ಪುರದ ಕಡೆ ಹೊರಟರೆ ಕೆಲವೇ ಕಿಲೋಮೀಟರ್.

ಈಥರ್ನೆಟ್ ಹುಟ್ಟಿದ್ದು 1973ರಲ್ಲಿ, ಅಮೆರಿಕದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ, ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಅವರ ಕೈಯಲ್ಲಿ. ಮೊದಲು ಅದು ಟಿವಿ ಕೇಬಲ್‌ನಂಥ ದಪ್ಪ ತಂತಿಯಲ್ಲಿ ಓಡುತ್ತಿತ್ತು. 1990ರ ಮಾನಕವೊಂದು ಅದನ್ನು ಟೆಲಿಫೋನಿನ ಹೊಸೆದ ಜೋಡಿ ತಂತಿಗೆ ತಂದಿತು. ಬೆಲ್ ಉಪಾಯ ಹಾಗೆ ಕಂಪ್ಯೂಟರಿಗೆ ಬಂತು.

ಹೊರಮಾವಿನ ಮನೆಗೆ ಯಾವ ಕೇಬಲ್?

ಮೂವತ್ತು ನಲವತ್ತರ ಸೈಟು, ಮೂರು ಅಂತಸ್ತು ಎಂದುಕೊಳ್ಳೋಣ. ಸೈಟಿನ ಅಳತೆ ಸುಮಾರು 9 ಮೀಟರ್, 12 ಮೀಟರ್. ಎತ್ತರ ಒಂದು 9 ಮೀಟರ್. ಒಂದು ಮೂಲೆಯಿಂದ ಎದುರು ಮೂಲೆಗೆ, ಕೆಳಗಿನಿಂದ ಮೇಲಿನವರೆಗೆ ಎಳೆದರೂ 30 ಮೀಟರ್ ಆಸುಪಾಸು. ಈ ಲೆಕ್ಕ ನೆನಪಿರಲಿ.

ಕ್ಯಾಟ್ 5ಇ ಕೇಬಲ್ 100 ಮೀಟರ್‌ವರೆಗೆ 1 ಜಿಬಿಪಿಎಸ್ ಒಯ್ಯುತ್ತದೆ. ಕ್ಯಾಟ್ 6 ಅಷ್ಟನ್ನು ಒಯ್ದು, ಸುಮಾರು 55 ಮೀಟರ್‌ವರೆಗೆ 10 ಜಿಬಿಪಿಎಸ್ ಕೂಡ ತಾಳುತ್ತದೆ. ಕ್ಯಾಟ್ 6ಎ 10 ಜಿಬಿಪಿಎಸ್ಸನ್ನು ಪೂರ್ತಿ 100 ಮೀಟರ್ ಒಯ್ಯುತ್ತದೆ, ಆದರೆ ದಪ್ಪ, ಪೈಪಿನಲ್ಲಿ ಬಗ್ಗಿಸುವುದು ಕಷ್ಟ. ಕ್ಯಾಟ್ 8 ಡೇಟಾ ಸೆಂಟರ್‌ಗಳಿಗೆ, ಅದೂ 30 ಮೀಟರ್ ಒಳಗೆ. ನಮ್ಮ 30 ಮೀಟರ್ ಮನೆಗೆ ಕ್ಯಾಟ್ 6 ಸಾಕು. ಪಕ್ಕದ ಜೋಡಿಗೆ ಸೋರುವ ಸದ್ದಿನ ವಿಷಯದಲ್ಲಿ, 100 ಮೆಗಾಹರ್ಟ್ಸ್‌ನಲ್ಲಿ, ಕ್ಯಾಟ್ 6ರ ಮಾನಕ ಕ್ಯಾಟ್ 5ಇಗಿಂತ 9 ಡೆಸಿಬೆಲ್ ಬಿಗಿ. ಅಂದರೆ ಸೋರುವ ಶಕ್ತಿ ಸುಮಾರು ಎಂಟನೇ ಒಂದು ಭಾಗ. ಕ್ಯಾಟ್ 8 ಹಾಕಿದರೆ ಇಂಟರ್ನೆಟ್ ದುಪ್ಪಟ್ಟು ಓಡುತ್ತದೆ ಎಂಬುದು ಸುಳ್ಳು. ನಿಮ್ಮ ಪ್ಲಾನ್ 200 ಎಂಬಿಪಿಎಸ್ ಇದ್ದರೆ ಯಾವ ಕೇಬಲ್ಲೂ ಅದನ್ನು 400 ಮಾಡುವುದಿಲ್ಲ. ಚಿನ್ನದ ಲೇಪದ ಪಿನ್ ತುಕ್ಕು ತಡೆಯುತ್ತದೆ, ವೇಗ ಕೊಡುವುದಿಲ್ಲ.

ಹೆಸರಿಗಿಂತ ಲೋಹ ಮುಖ್ಯ. ಅಗ್ಗದ ಕೆಲವು ಕೇಬಲ್‌ಗಳಲ್ಲಿ ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ತೆಳು ಲೇಪ ಇರುತ್ತದೆ. ಇವುಗಳ ಮೇಲೆ ಸಿಸಿಎ ಎಂದು ಬರೆದಿರುತ್ತದೆ, ಕೆಲವೊಮ್ಮೆ ಅದೂ ಇರುವುದಿಲ್ಲ. ಕ್ಯಾಟ್ 6 ಮಾನಕ ಇಂಥ ತಂತಿಯನ್ನು ಒಪ್ಪುವುದಿಲ್ಲ. ವಿದ್ಯುತ್ತಿಗೆ ಇದರ ತಡೆ ಹೆಚ್ಚು. ಕ್ಯಾಮೆರಾಗೆ ಇದೇ ಕೇಬಲ್‌ನಲ್ಲಿ ಕರೆಂಟ್ ಕಳುಹಿಸಿದರೆ ವೋಲ್ಟೇಜ್ ಇಳಿಯುತ್ತದೆ, ಕೇಬಲ್ ಹೆಚ್ಚು ಬಿಸಿಯಾಗುತ್ತದೆ. ಪರೀಕ್ಷೆ ಸುಲಭ: ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಿ ಬಣ್ಣ ಕಂಡರೆ ವಾಪಸು ಕೊಡಿ.

ಮುಂದಿನದು ಕನೆಕ್ಟರ್ ಹಾಕುವ ಕೆಲಸ. ಇಲ್ಲಿಯೇ ಬೆಲ್ ಪಾಠ ಮರೆತುಹೋಗುವುದು. ತುದಿಯಲ್ಲಿ ಜೋಡಿಗಳ ಹೊಸೆತವನ್ನು 13 ಮಿಲಿಮೀಟರ್‌ಗಿಂತ ಹೆಚ್ಚು ಬಿಚ್ಚಬಾರದು. ಬಣ್ಣದ ಕ್ರಮವೂ ನೆಟ್ಟಗಿರಬೇಕು: ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು. ಹಸಿರು ಜೋಡಿ ಮೂರು ಮತ್ತು ಆರನೇ ಪಿನ್‌ಗೆ ಹೋಗುವುದನ್ನು ಗಮನಿಸಿ. ಎರಡು ತುದಿಯಲ್ಲೂ ಒಂದೇ ಥರ ಇದ್ದರೆ ಸಾಕು ಎಂದು ಬಣ್ಣಗಳನ್ನು ಸಾಲಾಗಿ ಜೋಡಿಸಿದರೆ ಟೆಸ್ಟರ್‌ನ ಎಂಟೂ ದೀಪ ಹತ್ತುತ್ತವೆ, ಆದರೆ ಮೂರು ಮತ್ತು ಆರನೇ ಪಿನ್‌ಗೆ ಬೇರೆ ಬೇರೆ ಜೋಡಿಯ ತಂತಿಗಳು ಬಿದ್ದಿರುತ್ತವೆ. ಹೊಸೆತದ ಲಾಭ ಹೋಗಿ, 1881ರ ಮೊದಲಿನ ಗಲಾಟೆ ಮರಳಿ ಬರುತ್ತದೆ.

ಸಾಧನಗಳ ಮಾತು. ರೌಟರ್ ಮತ್ತು ಸ್ವಿಚ್ಚಿನ ಪೋರ್ಟ್‌ಗಳು ಗಿಗಾಬಿಟ್ ಆಗಿರಲಿ. 10/100 ಎಂದಷ್ಟೇ ಬರೆದಿದ್ದರೆ 100 ಎಂಬಿಪಿಎಸ್ ದಾಟುವುದಿಲ್ಲ. ಎಲ್ಲ ಗಿಗಾಬಿಟ್ ಇದ್ದೂ ಕಂಪ್ಯೂಟರಿನಲ್ಲಿ ಲಿಂಕ್ ವೇಗ 100 ಎಂದು ತೋರಿಸಿದರೆ ಕನೆಕ್ಟರ್ ನೋಡಿಸಿ: 100ಕ್ಕೆ ಎರಡು ಜೋಡಿ ಸಾಕು, 1000ಕ್ಕೆ ನಾಲ್ಕೂ ಬೇಕು, ಬಹುಶಃ ಒಂದು ತಂತಿ ತುಂಡಾಗಿದೆ. ಫೋನಿಗೆ ಕೇಬಲ್ ಬೇಡವಲ್ಲ ಎನ್ನುವವರಿಗೊಂದು ಮಾತು. ಕಬ್ಬಿಣದ ಸರಳಿನ ಮೋಲ್ಡಿಂಗ್ ದಾಟುವಾಗ ವೈಫೈ ಸೊರಗುತ್ತದೆ. ಪ್ರತಿ ಮಹಡಿಗೂ ಕೇಬಲ್ ಎಳೆದು, ಅಲ್ಲೊಂದು ವೈಫೈ ಆಕ್ಸೆಸ್ ಪಾಯಿಂಟ್ ಕೂರಿಸಿದರೆ ಫೋನಿಗೂ ಲಾಭ.

ಕರೆಂಟ್ ವೈರ್ ಇರುವ ಪೈಪಿನಲ್ಲೇ ಲ್ಯಾನ್ ಕೇಬಲ್ ತುರುಕಬೇಡಿ, ಅದು ಗಲಾಟೆಯ ಪ್ರಶ್ನೆಯಷ್ಟೇ ಅಲ್ಲ, ಜೀವದ ಪ್ರಶ್ನೆ. ಎರಡೂ ಅಡ್ಡ ಹಾಯಲೇಬೇಕಾದರೆ ನೇರ ಅಡ್ಡವಾಗಿ ಹಾಯಲಿ. ತಾರಸಿಯ ಮೇಲೆ ಪಕ್ಕದ ಕಟ್ಟಡಕ್ಕೆ ತಾಮ್ರದ ಕೇಬಲ್ ಎಳೆದರೆ ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ದಾರಿ ಮಾಡಿಕೊಟ್ಟಂತೆ. ಅಲ್ಲಿಗೆ ಲೋಹವಿಲ್ಲದ ಫೈಬರ್ ಸರಿ. ಗೋಡೆಯೊಳಗೆ ಕೇಬಲ್ ನೇರ ಹೂಳದೆ ಪೈಪಿನಲ್ಲಿ ಹಾಕಿಸಿ, ಒಳಗೊಂದು ದಾರ ಬಿಟ್ಟಿರಿ. ಮುಂದೆ ಬೇರೆ ಕೇಬಲ್ ಬೇಕಾದಾಗ ಗೋಡೆ ಒಡೆಸುವ ಖರ್ಚು ಉಳಿಯುತ್ತದೆ.

ಮಾರ್ಗರೆಟ್ ಹಲೋ ಕಥೆ ಮತ್ತೆ ನಿಮ್ಮ ಗ್ರೂಪಿಗೆ ಬಂದಾಗ ಮೇಬಲ್ ಹಬ್ಬರ್ಡ್ ಹೆಸರನ್ನು ತಿಳಿಸಿ. ಮನೆ ಕಟ್ಟಿಸುತ್ತಿರುವ ನೆಂಟರಿದ್ದರೆ, ಪ್ಲಾಸ್ಟರಿಂಗ್ ಶುರುವಾಗುವ ಮೊದಲು ಅವರಿಗೆ ಈ ಲೇಖನ ಕಳುಹಿಸಿ.